ಟ್ರಾಮಿಗೆ ದೊಡ್ಡ ಮೋಟಾರ್ ಹಾಕಿದರೆ ಬೇಗ ಹೋಗುತ್ತದಾ?

ಪ್ರಶ್ನೆ: ಮೆಲ್ಬರ್ನಿಗೆ ಮಗಳ ಮನೆಗೆ ಬಂದಿದ್ದೇವೆ. ಇಲ್ಲಿನ ಟ್ರಾಮ್ ನೋಡೋಕೆ ಚೆಂದ. ಆದರೆ ಯಾಕೆ ಇಷ್ಟು ನಿಧಾನ? ಹಳೇ ಮೋಟಾರ್ ತೆಗೆದು ದೊಡ್ಡದು ಹಾಕಬಾರದಾ?

ಊರಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ನಾನೂ ಉತ್ತರ ಬರೆಯುತ್ತೇನೆ. ಮುಂದಿನ ತಿಂಗಳು ಮತ್ತೆ ಅದೇ ಮೋಟಾರ್! ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ನಿಧಾನ ಅನ್ನೋದು ನಿಜ. ಇಡೀ ಊರಿನ ಸರಾಸರಿ ಗಂಟೆಗೆ ಸುಮಾರು 16 ಕಿ.ಮೀ. ಊರ ಮಧ್ಯದಲ್ಲಿ ಸುಮಾರು 11. ಆದರೆ ಇಲ್ಲಿನ ಇ-ಕ್ಲಾಸ್ ಅನ್ನುವ ಮಾದರಿಯ ಟ್ರಾಮಿಗೆ ಈಗಲೇ ಗಂಟೆಗೆ 80 ಕಿ.ಮೀ. ಓಡುವ ತಾಕತ್ತಿದೆ. ಮೋಟಾರಿಗೆ ಬರ ಇಲ್ಲ.

ಎರಡು ಸ್ಟಾಪುಗಳ ನಡುವೆ 300 ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಟ್ರಾಮ್ ಹೊರಟು ಗಂಟೆಗೆ 50 ಕಿ.ಮೀ. ಮುಟ್ಟಲು ಸುಮಾರು 12 ಸೆಕೆಂಡು ಬೇಕು. ಅಷ್ಟರಲ್ಲಿ 80 ಮೀಟರ್ ಕಳೆದಿರುತ್ತದೆ. ನಿಲ್ಲಿಸುವಾಗಲೂ ಅಷ್ಟೇ, ಇನ್ನೊಂದು 80 ಮೀಟರ್. ನಡುವೆ ಉಳಿದ 140 ಮೀಟರ್ ಒಂದೇ ವೇಗದಲ್ಲಿ ಓಡುತ್ತದೆ. ಒಟ್ಟು ಸುಮಾರು 33 ಸೆಕೆಂಡು.

ಈಗ ರಸ್ತೆ ಖಾಲಿ ಇದೆ, ಎಷ್ಟು ಬೇಕಾದರೂ ಓಡಿಸು ಅಂದಿರಿ ಅನ್ನಿ. ಅರ್ಧ ದಾರಿವರೆಗೂ ವೇಗ ಏರಿಸುತ್ತಾ ಹೋದರೆ ಗಂಟೆಗೆ 68 ಕಿ.ಮೀ. ಮುಟ್ಟಬಹುದು. ಅಲ್ಲಿಂದಲೇ ಬ್ರೇಕ್ ಹಿಡಿಯಬೇಕು, ಇಲ್ಲದಿದ್ದರೆ ಸ್ಟಾಪ್ ದಾಟಿಬಿಡುತ್ತದೆ. ಆಗ ಒಟ್ಟು ಹಿಡಿಯುವ ಸಮಯ ಸುಮಾರು ಮೂವತ್ತೊಂದೂವರೆ ಸೆಕೆಂಡು. ಇಷ್ಟೆಲ್ಲಾ ಮಾಡಿ ಉಳಿದದ್ದು ಒಂದೂವರೆ ಸೆಕೆಂಡು!

ಹೊರಡುವಾಗಲೇ ಜೋರಾಗಿ ಎಳೆದರೆ ಅಂತ ಕೇಳುತ್ತೀರಿ, ಗೊತ್ತು. ಒಳಗೆ ಅರ್ಧ ಜನ ನಿಂತಿರುತ್ತಾರೆ, ಅಲ್ವಾ? ಕೈಯಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿ ಇನ್ನೂ ಕಂಬ ಹುಡುಕುತ್ತಿರುತ್ತಾರೆ. ಅವರು ಬೀಳದ ಹಾಗೆ ಎಷ್ಟು ಎಳೆಯಬಹುದೋ ಅಷ್ಟೇ ಎಳೆಯಬೇಕು. ಆ ಮಿತಿ ಇರುವುದು ಅವರ ಕಾಲಲ್ಲಿ, ಮೋಟಾರಿನಲ್ಲಲ್ಲ.

ಅದೇ ಲೆಕ್ಕದಲ್ಲಿ ಮೋಟಾರ್ ಮುಟ್ಟದೆ ನಡುವಿನ ಒಂದು ಸ್ಟಾಪ್ ತೆಗೆದು ನೋಡಿ. ಅಲ್ಲಿ ನಿಲ್ಲುವ 25 ಸೆಕೆಂಡು ಉಳಿಯಿತು, ನಿಧಾನಿಸಿ ಮತ್ತೆ ವೇಗ ಏರಿಸುವ ಸಮಯವೂ ಉಳಿಯಿತು. ಸೇರಿಸಿದರೆ ಸುಮಾರು 37 ಸೆಕೆಂಡು. ಮೆಲ್ಬರ್ನಿನಲ್ಲಿ ಕೆಲವು ಕಡೆ ಒಂದು ಸ್ಟಾಪಿನಲ್ಲಿ ನಿಂತರೆ ಮುಂದಿನದು ಕಾಣುತ್ತದೆ. ಸಮಯ ಹೋಗುವುದು ಅಲ್ಲೇ.

ಬಾಗಿಲಿನದೂ ಪಾಲಿದೆ. ಹಳೇ ಟ್ರಾಮುಗಳಿಗೆ ಮೆಟ್ಟಿಲು ಇದೆ. ಮಗುವಿನ ಗಾಡಿ ಎತ್ತಿ ಹತ್ತಿಸುವವರೆಗೂ ಎಲ್ಲರೂ ಕಾಯಬೇಕು. ಪ್ಲಾಟ್‌ಫಾರ್ಮ್ ಮತ್ತು ಟ್ರಾಮಿನ ನೆಲ ಒಂದೇ ಮಟ್ಟಕ್ಕಿದ್ದರೆ ತಳ್ಳಿಕೊಂಡು ಹೋದರೆ ಆಯಿತು.

ಇನ್ನು ರಸ್ತೆ. ಇಲ್ಲಿನ ಹಳಿಯ ಸುಮಾರು ಮುಕ್ಕಾಲು ಭಾಗ ಕಾರು ಓಡಾಡುವ ರಸ್ತೆಯಲ್ಲೇ ಇದೆ. ಸಂಜೆ ಸಿಡ್ನಿ ರೋಡಿನಲ್ಲಿ 19ನೇ ನಂಬರ್ ಟ್ರಾಮ್ ಹತ್ತಿ ಮುಂದಿನ ಗಾಜಿನಿಂದ ನೋಡಿ. ಒಂದೇ ಒಂದು ಕಾರು ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿ ಹಳಿ ಮೇಲೆ ನಿಂತಿರುತ್ತದೆ. ಎದುರಿನಿಂದ ಬರುವ ಸಾಲು ಮುಗಿಯುವುದೇ ಇಲ್ಲ. ಡ್ರೈವರ್ ಗಂಟೆ ಬಾರಿಸುತ್ತಾರೆ. ಟ್ರಾಮ್ ಪಕ್ಕಕ್ಕೆ ಸರಿದು ಹೋಗೋಕಾಗಲ್ಲ. ಒಬ್ಬರಿಗಾಗಿ ಟ್ರಾಮ್ ತುಂಬ ಜನ ಕಾಯುತ್ತಾರೆ. ಊರ ಮಧ್ಯದ ಎಷ್ಟೋ ಸರ್ಕಲ್‌ಗಳಲ್ಲಿ ಬಲಕ್ಕೆ ಹೋಗುವ ಕಾರು ಎಡ ಅಂಚಿನಲ್ಲಿ ಕಾದು ಕೊನೆಗೆ ತಿರುಗಬೇಕು ಅನ್ನುವ ನಿಯಮ ಇದೆಯಲ್ಲ, ಹುಕ್ ಟರ್ನ್, ಅದು ಹಳಿ ಖಾಲಿ ಇರಲಿ ಅಂತಲೇ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನವರು 1973ರಲ್ಲಿ ಸುರಂಗ ರೈಲು ಬೇಡ ಅಂತ ಮತ ಹಾಕಿದರು. 1977ರಲ್ಲಿ ಟ್ರಾಮ್, ಬಸ್ಸುಗಳನ್ನು ಚುರುಕು ಮಾಡೋಕೆ ದುಡ್ಡು ಕೊಡಿ ಅಂತ ಮತ ಹಾಕಿದರು. ಅಲ್ಲಿ ಟ್ರಾಮ್ ಬರುತ್ತಿರುವುದು ಸಿಗ್ನಲ್‌ಗೆ ಮೊದಲೇ ಗೊತ್ತಾಗುತ್ತದೆ, ಅದಕ್ಕೆ ದಾರಿ ಬಿಡುತ್ತದೆ. ದುಡ್ಡು ಹಾಕಬೇಕಾದ ಜಾಗ ಅದು.

ಯಾರೂ ಕೇಳಿಲ್ಲ, ಆದರೂ ಒಂದು ವಿಷಯ ಹೇಳಲೇಬೇಕು. ನಿಧಾನ ಅಂದರೆ ಒಳಗೆ ಕೂತವರಿಗೆ ಮಾತ್ರ ನಷ್ಟ ಅಂದುಕೊಳ್ಳುತ್ತೇವೆ. ಸ್ಟಾಪಿನಲ್ಲಿ ಕಾಯುವವರಿಗೂ ನಷ್ಟ. ಒಂದು ರೂಟಿನಲ್ಲಿ ಹೋಗಿ ಬರಲು 120 ನಿಮಿಷ ಬೇಕು ಅನ್ನಿ. 6 ನಿಮಿಷಕ್ಕೊಂದು ಟ್ರಾಮ್ ಬಿಡಲು 20 ಟ್ರಾಮ್ ಬೇಕು. ಸಿಗ್ನಲ್, ಸ್ಟಾಪು ಸರಿ ಮಾಡಿ ಅದನ್ನೇ 90 ನಿಮಿಷಕ್ಕೆ ಇಳಿಸಿದರೆ 15 ಸಾಕು. ಉಳಿದ ಐದನ್ನೂ ಅದೇ ರೂಟಿನಲ್ಲಿ ಓಡಿಸಿ. ಹೊಸ ಟ್ರಾಮ್ ಒಂದೂ ಕೊಳ್ಳದೆ ನಾಲ್ಕೂವರೆ ನಿಮಿಷಕ್ಕೊಂದು ಬರುತ್ತದೆ.