ಇಂಡೊನೇಷಿಯನ್ ಮತ್ತು ಹೌಸಾ: ಒಂದೇ ಲಿಪಿ, ಬೇರೆ ಬೇರೆ ಕಟ್ಟುಪಾಡು

ಮೊಬೈಲ್ ಆ್ಯಪ್‌ಗಳ ಸಂದೇಶಗಳನ್ನು ಹಲವು ಭಾಷೆಗಳಿಗೆ ಹೊಂದಿಸುವ ನಮ್ಮ ವೃತ್ತಿಯಲ್ಲಿ, ಯಾವ ಭಾಷೆಗೆ ಎಷ್ಟು ಸಮಯ ಹಿಡಿದೀತು ಎಂದು ಅಂದಾಜು ಹಾಕುವವರು ಇಂಡೊನೇಷಿಯನ್ ಮತ್ತು ಹೌಸಾ ಭಾಷೆಗಳನ್ನು ಒಂದೇ ಸಾಲಿನಲ್ಲಿ ಕೂರಿಸುವುದುಂಟು. ಎರಡಕ್ಕೂ ರೋಮನ್ ಲಿಪಿ ಇದೆ, ಒತ್ತಕ್ಷರಗಳ ತೊಡಕಿಲ್ಲ, ಕರ್ತೃ, ಕ್ರಿಯೆ, ಕರ್ಮ ಎಂಬ ಪದಕ್ರಮವೂ ಒಂದೇ. ಈ ಹೋಲಿಕೆ ಸುಳ್ಳಲ್ಲ. ಆದರೆ ಒಂದು ಮಾತನ್ನು ಆಡುವ ಮುನ್ನ ಆಡುವವನಿಗೆ ಏನೇನು ತಿಳಿದಿರಲೇಬೇಕು ಎಂಬ ವಿಷಯದಲ್ಲಿ ಈ ಎರಡು ಭಾಷೆಗಳ ವ್ಯಾಕರಣಗಳು ಒಂದಕ್ಕೊಂದು ಬಹಳ ದೂರದಲ್ಲಿವೆ.

ಹೊರಗಿನ ಸಾಮ್ಯಕ್ಕೆ ಇತಿಹಾಸವೇ ಕಾರಣ. ಇಂಡೊನೇಷಿಯನ್ ಆಸ್ಟ್ರೊನೇಷಿಯನ್ ಕುಟುಂಬದ ಭಾಷೆ. ಮಲಕ್ಕಾ ಜಲಸಂಧಿಯ ಬಂದರುಗಳಲ್ಲಿ ವ್ಯಾಪಾರದ ಮಾತಾಗಿದ್ದ ಮಲಯ್ ಅದರ ಬುನಾದಿ. ಅದನ್ನು ಐಕ್ಯದ ಭಾಷೆಯೆಂದು ಸಾರಿದ್ದು 1928ರ ಅಕ್ಟೋಬರ್ 28ರ ಯುವಜನ ಪ್ರತಿಜ್ಞೆ, ರಾಷ್ಟ್ರದ ಭಾಷೆಯಾಗಿಸಿದ್ದು 1945ರ ಸಂವಿಧಾನ. ಹೌಸಾ ಆಫ್ರೊ-ಏಷ್ಯಾಟಿಕ್ ಕುಟುಂಬದ ಚಾಡಿಕ್ ಶಾಖೆಗೆ ಸೇರಿದ್ದು, ಹಾಗಾಗಿ ಅರಬ್ಬಿಗೆ ದೂರದ ನೆಂಟ. ಉತ್ತರ ನೈಜೀರಿಯಾದ ಕಾನೊ, ಕಾತ್ಸಿನಾಗಳಿಂದಲೂ ದಕ್ಷಿಣ ನೈಜರ್‌ನಿಂದಲೂ ಹೊರಟ ವ್ಯಾಪಾರಿಗಳ ಜೊತೆ ಅದು ಘಾನಾದವರೆಗೂ ಹಬ್ಬಿತು. ಇಸ್ಲಾಮಿನ ಜೊತೆಗೆ ಬಂದ ಅರಬ್ಬಿ ಲಿಪಿ ಮಲಯ್‌ನಲ್ಲಿ ಜಾವಿಯಾಯಿತು, ಹೌಸಾದಲ್ಲಿ ಅಜಮಿಯಾಯಿತು. ವಸಾಹತು ಆಳ್ವಿಕೆ ಎರಡೂ ಕಡೆ ಅದರ ಜಾಗದಲ್ಲಿ ರೋಮನ್ ಲಿಪಿಯನ್ನು ತಂದಿತು. ಅಜಮಿ ಇಂದಿಗೂ ನೈಜೀರಿಯಾದ ದೊಡ್ಡ ಮುಖಬೆಲೆಯ ನೋಟುಗಳ ಮೇಲೆ ಉಳಿದಿದೆ. ಇಂಡೊನೇಷಿಯನ್‌ನಲ್ಲಿ ಗುರು, ರಾಜ, ನೆಗಾರ, ಮನುಸಿಯಾ ಮೊದಲಾದ ಸಂಸ್ಕೃತ ಮೂಲದ ಪದಗಳನ್ನು ಕಂಡು ಕನ್ನಡಿಗರು ಹಿಗ್ಗುವುದು ಸಹಜವಾದರೂ ವ್ಯಾಕರಣಕ್ಕೆ ಇಳಿದಾಗ ಆ ಪರಿಚಯ ಉಪಯೋಗಕ್ಕೆ ಬರುವುದಿಲ್ಲ.

‘ಇಂಥವರು ಫೋಟೊ ಕಳುಹಿಸಿದ್ದಾರೆ’ ಎಂಬ ಸಂದೇಶವನ್ನೇ ನೋಡಿ. ಹೆಸರಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಅದನ್ನು ಆ್ಯಪ್ ತುಂಬುತ್ತದೆ. ಇಂಡೊನೇಷಿಯನ್‌ನಲ್ಲಿ ಹೆಸರಿನ ಮುಂದೆ ‘ಮೆಂಗಿರಿಮ್ ಫೋತೊ’ ಎಂದು ಬರೆದರೆ ಕೆಲಸ ಮುಗಿಯಿತು. ಕಳುಹಿಸಿದವರು ಗಂಡೋ ಹೆಣ್ಣೋ ಎಂದು ಆ ಭಾಷೆ ಕೇಳುವುದಿಲ್ಲ. ಅವನು, ಅವಳು ಎರಡಕ್ಕೂ ‘ದಿಯಾ’ ಒಂದೇ ಸಾಕು. ಕಾಲವನ್ನೂ ಅದು ಒತ್ತಾಯಿಸುವುದಿಲ್ಲ. ಬೇಕೆನಿಸಿದರೆ ಮಾತ್ರ ಆಗಿದೆ ಎನ್ನಲು ‘ಸುದಾ’, ಆಗಲಿದೆ ಎನ್ನಲು ‘ಅಕಾನ್’ ಸೇರಿಸಬಹುದು. ಹೌಸಾದಲ್ಲಾದರೋ ಹೆಸರಿನ ಮುಂದೆ ‘ಯಾ ಐಕೊ ದ ಹೋತೊ’ ಎನ್ನಬೇಕೋ ‘ತಾ ಐಕೊ ದ ಹೋತೊ’ ಎನ್ನಬೇಕೋ ಎಂಬುದನ್ನು ಮೊದಲೇ ನಿರ್ಧರಿಸಬೇಕು, ಏಕೆಂದರೆ ‘ಯಾ’ ಗಂಡಿಗೆ, ‘ತಾ’ ಹೆಣ್ಣಿಗೆ. ನಾವು ಕ್ರಿಯಾಪದದ ಬಾಲಕ್ಕೆ ಕಟ್ಟುವ ಲಿಂಗ, ಪುರುಷ, ಕಾಲಗಳೆಲ್ಲವನ್ನೂ ಹೌಸಾ ಕ್ರಿಯಾಪದಕ್ಕೆ ಮೊದಲು ಬರುವ ಈ ಪುಟ್ಟ ಪದದೊಳಗೆ ಅಡಕಮಾಡುತ್ತದೆ: ‘ಯಾ’ ಎಂದರೆ ಕ್ರಿಯೆ ಮುಗಿದಿದೆ, ‘ಯನಾ’ ಎಂದರೆ ನಡೆಯುತ್ತಿದೆ, ‘ಜೈ’ ಎಂದರೆ ಮುಂದೆ ನಡೆಯಲಿದೆ, ‘ಯಕನ್’ ಎಂದರೆ ರೂಢಿಯಾಗಿ ನಡೆಯುತ್ತದೆ. ಕನ್ನಡದಲ್ಲಿ ಗೌರವದ ‘ದ್ದಾರೆ’ಯ ಮರೆಯಲ್ಲಿ ಲಿಂಗದ ಪ್ರಶ್ನೆಯಿಂದ ನುಣುಚಿಕೊಳ್ಳಬಹುದು, ಹೌಸಾದಲ್ಲಿ ಬಹುವಚನದ ‘ಸುನ್’ ಹಾಕಿದರೆ ಓದುವವರು ಹಲವರು ಕಳುಹಿಸಿದ್ದಾರೆಂದು ತಿಳಿಯುತ್ತಾರೆ. ಕ್ರಿಯಾಪದವನ್ನೇ ಕೈಬಿಟ್ಟು, ‘ಇಂಥವರಿಂದ ಫೋಟೊ’ ಎಂಬರ್ಥದಲ್ಲಿ ‘ಹೋತೊ ದಗಾ’ ಎಂದು ಹೆಸರಿನ ಹಿಂದೆ ಬರೆಯುವುದೇ ನಾವು ಕಂಡುಕೊಂಡಿರುವ ದಾರಿ.

ಹಾಗೆಂದು ಇಂಡೊನೇಷಿಯನ್ ಸಲೀಸಾದ ಭಾಷೆ ಎನ್ನುವವರು ಅದರ ನಿಘಂಟನ್ನು ತೆರೆದವರಲ್ಲ. ‘ಮೆಂಗಿರಿಮ್’ ಎಂಬುದನ್ನು ಮ ಅಕ್ಷರದ ಕೆಳಗೆ ಹುಡುಕಿದರೆ ಸಿಗದು. ‘ಕಿರಿಮ್’ ಎಂಬ ಧಾತುವಿಗೆ ಪೂರ್ವಪ್ರತ್ಯಯ ಹತ್ತಿದಾಗ ಮೊದಲ ಕಕಾರ ಅಳಿದುಹೋಗಿರುತ್ತದೆ. ಅದೇ ಧಾತುವಿನಿಂದ ಕರ್ಮಣಿಯ ‘ದಿಕಿರಿಮ್’, ಕಳುಹಿಸಿದವರಿಗೆ ‘ಪೆಂಗಿರಿಮ್’, ಕಳುಹಿಸಿದ ವಸ್ತುವಿಗೆ ‘ಕಿರಿಮಾನ್’, ರವಾನೆಯಾಗಿದೆ ಎನ್ನಲು ‘ತೆರ್ಕಿರಿಮ್’ ಹುಟ್ಟುತ್ತವೆ. ಇನ್ನು ‘ನಾವು’ ಎನ್ನಲು ಎರಡು ಪದಗಳಿವೆ: ಕೇಳುವವರನ್ನೂ ಒಳಗೊಂಡರೆ ‘ಕಿತಾ’, ಬಿಟ್ಟರೆ ‘ಕಾಮಿ’. ತುಳುವಿನ ‘ನಮ’ ಮತ್ತು ‘ಎಂಕುಲು’ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ‘ನಾವು ನಿಮ್ಮ ಮಾಹಿತಿ ಸಂಗ್ರಹಿಸುತ್ತೇವೆ’ ಎಂಬ ಖಾಸಗಿತನದ ನಿಯಮದಲ್ಲಿ ‘ಕಿತಾ’ ಬಿದ್ದರೆ ಗ್ರಾಹಕನೂ ಸಂಗ್ರಹಿಸುವವರ ಪಾಲುದಾರನಾಗಿಬಿಡುತ್ತಾನೆ.

ನಿಷೇಧದಲ್ಲಿ ಇಂಡೊನೇಷಿಯನ್ ನಮಗೆ ಹತ್ತಿರ: ‘ಬುಕಾನ್’ ಹೆಚ್ಚುಕಡಿಮೆ ನಮ್ಮ ‘ಅಲ್ಲ’, ‘ತಿದಾಕ್’ ನಮ್ಮ ‘ಇಲ್ಲ’. ಹೌಸಾದಲ್ಲಿ ಸಾಮಾನ್ಯವಾಗಿ ವಾಕ್ಯದ ಎರಡೂ ಬದಿಗೆ ನಿಷೇಧ ಬರುತ್ತದೆ. ಅವನು ನಿನ್ನೆ ಮನೆಗೆ ಬರಲಿಲ್ಲ ಎನ್ನಲು ‘ಬೈ ಜೋ ಗಿದಾ ಜಿಯಾ ಬಾ’. ಉದ್ದ ವಾಕ್ಯವನ್ನು ತುಂಡು ಮಾಡಿ ಅನುವಾದಕ್ಕೆ ಕೊಟ್ಟಾಗ ಕೊನೆಯ ‘ಬಾ’ ಯಾರ ತುಂಡಿಗೂ ಸೇರದೆ ಉಳಿಯುತ್ತದೆ. ನಡೆಯುತ್ತಿರುವ ಕ್ರಿಯೆಗೆ ಮಾತ್ರ ಒಂದೇ ‘ಬಾ’ ಸಾಕಾಗುವುದರಿಂದ, ಬಿಟ್ಟುಹೋಗಿದೆಯೋ ಬೇಕಿರಲಿಲ್ಲವೋ ಎಂದು ಪರಿಶೀಲಕರು ಪ್ರತಿ ಸಾಲಿನಲ್ಲೂ ನೋಡಬೇಕು.

ಕಾಗುಣಿತದಲ್ಲಿ ಇಂಡೊನೇಷಿಯನ್ ನೆಮ್ಮದಿ ಕೊಡುತ್ತದೆ. 1972ರ ಸುಧಾರಣೆಯ ನಂತರ ಬರೆದಂತೆ ಓದಿದರೆ ಬಹುಪಾಲು ಸರಿಯಾಗುತ್ತದೆ. ಹೌಸಾದ ರೋಮನ್ ಬರಹದಲ್ಲಿ ವಿಶಿಷ್ಟ ವ್ಯಂಜನಗಳಿಗೆಂದು ಕೊಕ್ಕೆಯುಳ್ಳ ಬಿ, ಡಿ, ಕೆ ಅಕ್ಷರಗಳಿವೆ. ಫೋನಿನಲ್ಲಿ ಜನ ಕೊಕ್ಕೆ ಬಿಟ್ಟೇ ಬರೆಯುವುದರಿಂದ ಹುಡುಕಾಟದಲ್ಲಿ ಎರಡೂ ರೂಪಗಳು ಸಿಗುವಂತೆ ಮಾಡಬೇಕಾಗುತ್ತದೆ. 2025ರಲ್ಲಿ ಹೌಸಾವನ್ನು ರಾಷ್ಟ್ರಭಾಷೆಯೆಂದು ಘೋಷಿಸಿದ ನೈಜರ್ ವೈ ಅಕ್ಷರಕ್ಕೂ ಕೊಕ್ಕೆ ಹಾಕುತ್ತದೆ, ನೈಜೀರಿಯಾ ಅದರ ಹಿಂದೆ ಒಂದು ಅಪಾಸ್ಟ್ರಫಿ ಇಡುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಧ್ವನಿ ಸಂದೇಶಗಳಲ್ಲಿ ಕಾಣುತ್ತದೆ. ಹೌಸಾ ಸ್ವರಭಾರದ ಭಾಷೆ, ಅಂದರೆ ದನಿಯ ಏರಿಳಿತ ಬದಲಾದರೆ ಪದದ ಅರ್ಥವೂ ಬದಲಾಗುತ್ತದೆ. ಅದರ ಏರಿಳಿತವನ್ನೂ ಸ್ವರದ ಹ್ರಸ್ವ-ದೀರ್ಘವನ್ನೂ ದಿನಬಳಕೆಯ ರೋಮನ್ ಬರಹ ಗುರುತಿಸುವುದಿಲ್ಲ. ಊರು ಎಂಬರ್ಥದ ‘ಗರೀ’ ಮತ್ತು ಹಿಟ್ಟು ಎಂಬರ್ಥದ ‘ಗಾರೀ’ ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ಕನ್ನಡ ಲಿಪಿಯಾಗಿದ್ದರೆ ಈ ಗೊಂದಲವಿರುತ್ತಿರಲಿಲ್ಲ. ಆದರೆ ಅಳು ಮತ್ತು ಬಾವೊಬಾಬ್ ಮರ ಎರಡಕ್ಕೂ ಇರುವ ‘ಕೂಕಾ’ ಪದದಲ್ಲಿ ವ್ಯತ್ಯಾಸವಿರುವುದು ಸ್ವರಭಾರದಲ್ಲಿ ಮಾತ್ರ, ಅದಕ್ಕೆ ನಮ್ಮ ಲಿಪಿಯಲ್ಲೂ ಗುರುತಿಲ್ಲ. ಹೀಗಾಗಿ ಹೌಸಾದ ಧ್ವನಿ ಪಠ್ಯಕ್ಕೆ ನಾವು ಪ್ರತ್ಯೇಕವಾಗಿ ಗುರುತು ಹಾಕಿಸುತ್ತೇವೆ. ಇಂಡೊನೇಷಿಯನ್‌ಗೆ ಆ ಹಂತದ ಅಗತ್ಯವೇ ಬೀಳುವುದಿಲ್ಲ.