ಹೃದಯದ ರಂಧ್ರ ಮುಚ್ಚಿಸಿಕೊಂಡ ಮಗು ಐದನೇ ದಿನ ಮನೆಗೆ

ಆಪರೇಷನ್ ಆದ ನಾಲ್ಕೈದು ದಿನಕ್ಕೇ ಮಗುವನ್ನು ಡಿಸ್ಚಾರ್ಜ್ ಮಾಡಿದರೆ ಶಿರಸಿ, ಅಂಕೋಲಾ ಕಡೆಯ ಹಿರಿಯರಿಗೆ ಅನುಮಾನ: ಬೆಡ್ ಖಾಲಿ ಮಾಡಿಸಿದರೇನೋ! ಹಾಗಲ್ಲ, ಬೇಗ ಕಳಿಸುವ ತಯಾರಿ ಆಪರೇಷನ್ನಿನ ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ.

ಮೊದಲೆಲ್ಲ ಮಧ್ಯರಾತ್ರಿಯಿಂದ ಹನಿ ನೀರೂ ಇಲ್ಲ. ಈಗ ಅರಿವಳಿಕೆಗೆ ಊಟ 6 ಗಂಟೆ ಮೊದಲು, ಎದೆಹಾಲು 4 ಗಂಟೆ ಮೊದಲು ನಿಂತರೆ ಸಾಕು. ನೀರನ್ನು 2 ಗಂಟೆ, ಕೆಲವೆಡೆ 1 ಗಂಟೆ ಮೊದಲಿನವರೆಗೂ ಕೊಡುತ್ತಾರೆ. ನಮ್ಮವರು ಎಡವುವುದು ಗಂಜಿ ತಿಳಿಯಲ್ಲಿ. ಕಾಣಲು ನೀರು, ಲೆಕ್ಕಕ್ಕೆ ಅನ್ನ. ಕೊಟ್ಟಿದ್ದರೆ ಹೇಳಿಬಿಡಿ, ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು.

ಸರಳ ರಂಧ್ರವಾದರೆ ಉಸಿರಿನ ಕೊಳವೆಯನ್ನು ಥಿಯೇಟರಿನಲ್ಲೇ ಅಥವಾ ಸುಮಾರು 6 ಗಂಟೆಯೊಳಗೆ ತೆಗೆಯುವುದುಂಟು. ವೆಂಟಿಲೇಟರ್ ಉದ್ದವಾದಷ್ಟೂ ನಿದ್ದೆಯ ಮದ್ದು, ಕಫ, ಸೋಂಕು ಹೆಚ್ಚು. ಎದೆಗೂಡಿನ ನರಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಮಾರ್ಫಿನ್ ಕಡಿಮೆ ಸಾಕು, ಮಗು ಬೇಗ ಕೆಮ್ಮುತ್ತದೆ, ಉಣ್ಣುತ್ತದೆ. ನವಜಾತ ಶಿಶು, ಶ್ವಾಸಕೋಶದ ಒತ್ತಡ ಏರಿದ ಮಗು, ಹೃದಯದ ತಾಳ ತಪ್ಪಿದ ಮಗು ಈ ದಾರಿಗೆ ತಕ್ಕವಲ್ಲ. ಅಂಥವರನ್ನು ಅವಸರಪಡಿಸುವುದು ತಪ್ಪು.

ಇನ್ನು ದೂರದ ಮಾತು. ಕಾರವಾರದಿಂದ ಆಸ್ಪತ್ರೆಯಿರುವ ಮಂಗಳೂರಿಗೆ ಸುಮಾರು 270 ಕಿ.ಮೀ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಮೇಲಿನ, ಜೋಯಿಡಾ ಕಡೆಯ ಮಕ್ಕಳಿಗೆ ಡಿಸ್ಚಾರ್ಜ್ ಆದರೂ ಮೊದಲ ಮರುತಪಾಸಣೆವರೆಗೆ ಆಸ್ಪತ್ರೆಯ ಊರಲ್ಲೇ ತಂಗುವುದು ಮೇಲು. ಕಾರಣವಿದೆ: ಒಂದರಿಂದ ಆರು ವಾರದೊಳಗೆ ಹೃದಯದ ಸುತ್ತಣ ಚೀಲದಲ್ಲಿ ನೀರು ತುಂಬಬಹುದು. ಅದರ ಲಕ್ಷಣ: ಜ್ವರ, ಊಟ ಬೇಡವೆನ್ನುವುದು, ವಾಂತಿ, ಮಲಗಿದರೆ ಏದುಸಿರು. 'ಹೊಟ್ಟೆ ಕೆಟ್ಟಿದೆ' ಎಂದು ಕಷಾಯ ಕುಡಿಸುತ್ತ ಕೂರಬೇಡಿ. ಅದೇ ದಿನ ಎಕೋ (ಹೃದಯದ ಸ್ಕ್ಯಾನ್) ಆಗಬೇಕು.

ಪ್ಯಾರಸಿಟಮಾಲ್ ಪ್ರತಿ ಕಿಲೋಗೆ 15 ಮಿ.ಗ್ರಾಂ, 6 ಗಂಟೆಗೊಮ್ಮೆ. 10 ಕಿಲೋ ಮಗುವಿಗೆ 150 ಮಿ.ಗ್ರಾಂ: 5 ಮಿ.ಲೀ.ಗೆ 125ರ ಸಿರಪ್ ಆದರೆ 6 ಮಿ.ಲೀ., 250ರದ್ದಾದರೆ 3 ಮಿ.ಲೀ. ಅಂಗಡಿಯಲ್ಲಿ ಬಾಟಲಿ ಬದಲಾದರೆ ಡೋಸ್ ದುಪ್ಪಟ್ಟಾಗುವುದು ಹೀಗೆಯೇ. ಮದ್ದಿಗೆ ಮೊದಲು ಜ್ವರ ಅಳೆಯಿರಿ, ಕೊಟ್ಟ ಮೇಲೆ ಜ್ವರ ಅಡಗಿರುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಫೋನ್ ಮಾಡಿ.

ಮೂತ್ರ ಹೋಗಿಸುವ ಮದ್ದಿರುವಾಗ ಉಪ್ಪಿನಕಾಯಿ, ಒಣಮೀನು ಬೇಡ. ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಮದ್ದುಗಳಾದ ಸ್ಪೈರೊನೊಲ್ಯಾಕ್ಟೋನ್ ಅಥವಾ ಎನಲಾಪ್ರಿಲ್ ಇದ್ದರೆ ಎಳನೀರನ್ನೂ ಕೇಳದೆ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಆಪರೇಷನ್ನಿನಲ್ಲಿ ಕೊಯ್ದ ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಕಂಕುಳಿಗೆ ಕೈಹಾಕಿ ಎತ್ತಬಾರದು. ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಬೆನ್ನು-ಕತ್ತಿಗೆ. ಅಜ್ಜಿಯರು ಕಾಲ ಮೇಲೆ ಬೋರಲು ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸುವುದನ್ನು ಅಲ್ಲಿಯವರೆಗೆ ನಿಲ್ಲಿಸಬೇಕು (ಇದನ್ನು ಒಪ್ಪಿಸುವುದೇ ಕಷ್ಟ). ಗಾಯಕ್ಕೆ ಅರಿಶಿನವೂ ಬೇಡ, ತೆಂಗಿನೆಣ್ಣೆಯೂ ಬೇಡ.

ಮಗುವಿಗೆ ರಕ್ತ ಕೊಟ್ಟಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿ, ಆಶಾ ಕಾರ್ಯಕರ್ತೆಗೆ ತೋರಿಸಿ. ದಡಾರ-ರುಬೆಲ್ಲಾ ಲಸಿಕೆ ಸಾಮಾನ್ಯವಾಗಿ 6 ತಿಂಗಳು ಮುಂದಕ್ಕೆ ಹೋಗುತ್ತದೆ. ಮೊದಲೇ ಹಾಕಿದರೆ ರಕ್ತದೊಂದಿಗೆ ಬಂದ ಪ್ರತಿಕಾಯಗಳು ಲಸಿಕೆ ಹತ್ತಲು ಬಿಡುವುದಿಲ್ಲ.