ತಂಬೂರಿ ತಂತಿಯಲ್ಲಿ ಇರಬಾರದ ಸ್ವರಗಳು

ಕಛೇರಿಯ ಧ್ವನಿಮುದ್ರಣ ಸಿಕ್ಕಾಗ ಬಹಳ ಮಂದಿ ಮೊದಲ ಒಂದೆರಡು ನಿಮಿಷವನ್ನು ಮುಂದಕ್ಕೆ ಓಡಿಸಿಬಿಡುತ್ತಾರೆ. ಗಾಯಕರು ಇನ್ನೂ ಬಾಯಿ ತೆರೆದಿರುವುದಿಲ್ಲ, ಬರೀ ತಂಬೂರಿ ನುಡಿಯುತ್ತಿರುತ್ತದೆ. ಈಚೆಗೆ ನಾನು ಹೆಚ್ಚಾಗಿ ಕೇಳುತ್ತಿರುವುದು ಅದೇ ಭಾಗವನ್ನು. ಮಲ್ಲಿಕಾರ್ಜುನ ಮನಸೂರರದಾಗಲಿ, ಗಂಗೂಬಾಯಿ ಹಾನಗಲ್ ಅವರದಾಗಲಿ, ಭೀಮಸೇನ ಜೋಶಿಯವರದಾಗಲಿ, ಆಲಾಪ ಶುರುವಾಗುವ ಮೊದಲು ಇಯರ್‌ಫೋನ್ ಹಾಕಿಕೊಂಡು ತಂಬೂರಿಯನ್ನಷ್ಟೇ ಆಲಿಸುತ್ತೇನೆ. ಆ ನಾಲ್ಕು ತಂತಿಗಳು ಭೌತವಿಜ್ಞಾನದ ಒಂದು ಹಳೆಯ ನಿಯಮವನ್ನು ಮೀರಿ ನುಡಿಯುತ್ತವೆ, ಮೀರುವುದು ಕಿವಿಗೇ ಕೇಳಿಸುತ್ತದೆ. ನನ್ನನ್ನು ಹಿಡಿದು ಕೂರಿಸಿರುವುದು ಅದು.

ನಿಯಮ ಹೀಗಿದೆ. ಬಿಗಿದ ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು, ಐದು ಪಾಲಾಗಿಯೂ ಕಂಪಿಸುತ್ತಿರುತ್ತದೆ. ಮೂಲ ಸ್ವರದ ಮೇಲೆ ಉಪಸ್ವರಗಳು ಹುಟ್ಟುವುದು ಹೀಗೆ. ಎರಡು ಪಾಲಾಗಿ ಕಂಪಿಸುವಾಗ ತಂತಿಯ ನಡುಬಿಂದು ಅಲುಗುವುದಿಲ್ಲ. ಆದ್ದರಿಂದ ತಂತಿಯನ್ನು ಸರಿಯಾಗಿ ಆ ಬಿಂದುವಿನಲ್ಲೇ ಮೀಟಿದರೆ ಎರಡನೆಯ ಉಪಸ್ವರ ಹುಟ್ಟಬಾರದು. ನಾಲ್ಕನೆಯದೂ ಆರನೆಯದೂ ಹುಟ್ಟಬಾರದು. ಇದನ್ನು ಮೊದಲು ಹೇಳಿದವರು ಥಾಮಸ್ ಯಂಗ್, ಬಲಪಡಿಸಿದವರು ಹೆಲ್ಮ್‌ಹೋಲ್ಟ್ಸ್. ಗಿಟಾರಿನಲ್ಲಿ ಪರೀಕ್ಷಿಸಿದರೆ ಮಾತು ಸರಿಯಾಗಿಯೇ ಇದೆ. ನಟ್ಟನಡುವೆ ಮೀಟಿ, ಕೂಡಲೇ ಅದೇ ಬಿಂದುವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಸದ್ದು ಅಡಗಿಬಿಡುತ್ತದೆ. ಬೆರಳು ಮುಟ್ಟಿದರೂ ಬದುಕುಳಿಯಬಹುದಾಗಿದ್ದ ಉಪಸ್ವರಗಳು ಅಲ್ಲಿ ಹುಟ್ಟಿಯೇ ಇರಲಿಲ್ಲ.

ಇದನ್ನೇ ತಂಬೂರಿಯಲ್ಲಿ ಮಾಡಿ. ಬೆರಳು ಮುಟ್ಟಿದ ಮೇಲೂ ತಂತಿ ತಾರ ಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡುತ್ತಲೇ ಇರುತ್ತದೆ!

ಈ ಪ್ರಯೋಗವನ್ನು 1921ರಲ್ಲಿ ಬರೆದಿಟ್ಟವರು ಸಿ. ವಿ. ರಾಮನ್. ರಾಮನ್ ಎಂದರೆ ನಮಗೆ ಬೆಳಕು, ಕಡಲಿನ ನೀಲಿ, 1930ರ ನೊಬೆಲ್, ಬೆಂಗಳೂರಿನ ಸಂಸ್ಥೆ ಇಷ್ಟೇ ನೆನಪು. ಆದರೆ ಬೆಳಕಿಗೆ ಮನಸೋಲುವ ಮೊದಲು ಅವರು ನಾದದ ಹಿಂದೆ ಬಿದ್ದವರು. ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದಾಗ, ಕಚೇರಿಗೆ ಮೊದಲೂ ಕಚೇರಿ ಬಿಟ್ಟ ಮೇಲೂ ಬೌಬಜಾರಿನ ಇಂಡಿಯನ್ ಅಸೋಸಿಯೇಷನ್ನಿನ ಪ್ರಯೋಗಾಲಯಕ್ಕೆ ಹೋಗಿ ಕೂರುತ್ತಿದ್ದರು. ಪಿಟೀಲಿನ ತಂತಿಯ ಮೇಲೆ ಕಮಾನು ಹೇಗೆ ಕೆಲಸ ಮಾಡುತ್ತದೆಂದು ಅಳೆದರು. ಮೃದಂಗ, ತಬಲಾಗಳ ಚರ್ಮದ ಮೇಲೆ ಮೆತ್ತುವ ಕಪ್ಪು ಕರಣೆ ಹೇಗೆ ಚರ್ಮದ ಒರಟು ಸದ್ದನ್ನು ಶ್ರುತಿಬದ್ಧ ನಾದವಾಗಿಸುತ್ತದೆಂದು ಶಿವಕಾಳಿ ಕುಮಾರರ ಜೊತೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅವರ ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು. ಮರುವರ್ಷ ಬಂದ ಪುಟ್ಟ ಲೇಖನದ ವಸ್ತು ವೀಣೆ ಮತ್ತು ತಂಬೂರಿ. ತಂಬೂರಿಯಲ್ಲಿ ಎಲ್ಲಿ ಮೀಟಿದರೂ ಉಪಸ್ವರಗಳ ಬಲ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಗುಟ್ಟು ಇರುವುದು ಕುದುರೆಯಲ್ಲಿ ಎಂದು ಅವರು ಗುರುತಿಸಿದರು. ಈ ಪ್ರಬಂಧವನ್ನು ನಮ್ಮ ಶಾಲೆಗಳ ಭೌತಶಾಸ್ತ್ರ ಪಾಠದಲ್ಲಿ ಏಕೆ ಹೇಳಿಕೊಡುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ. ಇದಕ್ಕೆ ಬೇಕಾದ ಉಪಕರಣ ಊರಿನ ಯಾವ ಭಜನಾ ಮಂದಿರದಲ್ಲಾದರೂ ಸಿಕ್ಕೀತು.

ಕುದುರೆ ಎಂದರೆ ಬುರುಡೆಯ ಮೇಲಿನ ಹಲಗೆಗೆ ಕೂರಿಸಿರುವ, ತಂತಿಗಳು ಹಾದುಹೋಗುವ ಮೋಟು ಪಟ್ಟಿ. ಗಿಟಾರಿನ ತಂತಿ ಒಂದು ಚೂಪು ಅಂಚಿನ ಮೇಲೆ ನಿಲ್ಲುತ್ತದೆ. ಅದರ ಕಂಪಿಸುವ ಉದ್ದ ಅಲ್ಲಿಗೆ ಖಚಿತ. ತಂಬೂರಿಯ ಕುದುರೆಯಾದರೋ ಅಗಲವಾಗಿದೆ, ಅದರ ಬೆನ್ನು ಕಂಡೂ ಕಾಣದಷ್ಟು ಬಾಗಿದೆ. ಗುಂಡಗಿನ ಗೋಡೆಯಂಚಿನ ಮೇಲೆ ಹಾದುಹೋದ ಬಟ್ಟೆ ಒಣಹಾಕುವ ಹಗ್ಗವನ್ನು ಅಲುಗಾಡಿಸಿ ನೋಡಿ. ಹಗ್ಗ ಕೆಳಗಿಳಿದಾಗ ಗೋಡೆಯ ಮೇಲೆ ತುಸು ಹೆಚ್ಚು ಮಲಗುತ್ತದೆ, ಮೇಲೆದ್ದಾಗ ಬಿಟ್ಟು ಏಳುತ್ತದೆ. ತಂತಿಯೂ ಹಾಗೆಯೇ, ಕೆಳಗೆ ತೂಗಿದಾಗ ಗಿಡ್ಡ, ಮೇಲೆ ತೂಗಿದಾಗ ಉದ್ದ. ಸೆಕೆಂಡಿಗೆ ನೂರಾರು ಸಲ ಈ ತಾಗುವುದು, ಬಿಡುವುದು ನಡೆಯುತ್ತಿರುತ್ತದೆ. ಪ್ರತಿ ಸಲ ತಾಗಿದಾಗಲೂ ತಂತಿಯಲ್ಲೊಂದು ಚೂಪಾದ ಕಿರು ಅಲೆ ಏಳುತ್ತದೆ, ಅದರಲ್ಲಿ ಎತ್ತರದ ಉಪಸ್ವರಗಳೆಲ್ಲ ತುಂಬಿರುತ್ತವೆ. ಮೀಟುವಾಗ ಬೆರಳು ಕೊಡದೇ ಇದ್ದ ಸ್ವರಗಳನ್ನು ಕುದುರೆ ಹುಟ್ಟಿಸುವುದು ಹೀಗೆ: ತಗ್ಗಿನ ಕಂಪನದ ಶಕ್ತಿಯನ್ನು ಚೂರುಚೂರಾಗಿ ತೆಗೆದು ಎತ್ತರದ ಕಂಪನಗಳಿಗೆ ಹಂಚುತ್ತದೆ. ಯಂಗ್ ನಿಯಮ ಸುಳ್ಳಲ್ಲ. ಎರಡೂ ತುದಿ ಕದಲದ ತಂತಿಗೆ ಹೇಳಿದ ನಿಯಮ ಅದು. ಸಾಮಾನ್ಯ ತಂತಿಯಲ್ಲಿ ಎತ್ತರದ ಉಪಸ್ವರಗಳು ಮೀಟಿದ ಕ್ಷಣದಿಂದಲೇ ಸಾಯತೊಡಗುತ್ತವೆ. ತಂಬೂರಿಯಲ್ಲಿ ಅವು ಮೀಟಿದ ಮೇಲೆ ಬೆಳೆಯುತ್ತವೆ. ನಾದ ಅರಳಿತು ಎಂದು ಸಂಗೀತಗಾರರು ಹೇಳುವುದು ಅಳತೆಯ ಪಟ್ಟಿಯಲ್ಲೂ ಕಾಣುವ ಸಂಗತಿ.

ಇದೆಲ್ಲ ಒಂದು ಹತ್ತಿಯ ಎಳೆಯ ಮೇಲೆ ನಿಂತಿದೆ. ಗಾಯಕರು ಬಿರಡೆ ತಿರುಗಿಸಿ, ಮಣಿ ಸರಿಸಿ ಶ್ರುತಿ ಮಾಡಿದ ಮೇಲೆ ಕೊನೆಗೆ ಕೈಹಾಕುವುದು ಕುದುರೆ ಮತ್ತು ತಂತಿಯ ನಡುವೆ ಸಿಕ್ಕಿಸಿರುವ ದಾರಕ್ಕೆ. ತಲೆ ಬಾಗಿಸಿ ಕಿವಿಯನ್ನು ತಂತಿಯ ಹತ್ತಿರ ತಂದು, ಒಂದು ಕೈಯಲ್ಲಿ ಮೀಟುತ್ತ ಇನ್ನೊಂದು ಕೈಯ ಉಗುರಿನಿಂದ ದಾರವನ್ನು ಹಿಂದೆಮುಂದೆ ತಳ್ಳುತ್ತಾರೆ. ದಾರ ಎಲ್ಲೋ ಇದ್ದಾಗ ತಂತಿ ಬೋಳಾಗಿ ನುಡಿಯುತ್ತದೆ. ಕೂದಲೆಳೆಯಷ್ಟು ಸರಿದರೆ ಝೇಂಕಾರ ತುಂಬಿಕೊಳ್ಳುತ್ತದೆ. ಇನ್ನೂ ಸರಿಸಿದರೆ ಗರಗರ ಎಂದು ಒಡಕು ದನಿ. ತಂತಿ ಕುದುರೆಯ ಬೆನ್ನನ್ನು ಎಷ್ಟು ಸವರಬೇಕು ಎಂಬುದನ್ನು ಆ ದಾರ ನಿಗದಿ ಮಾಡುತ್ತದೆ. ಈ ಗುಣಕ್ಕೆ ಜವಾರಿ ಎನ್ನುತ್ತಾರೆ. ಕುದುರೆ ಸವೆದಾಗ ಅರದಿಂದ ಉಜ್ಜಿ ಜವಾರಿ ಸರಿಪಡಿಸುವ ಕುಶಲಕರ್ಮಿಗಳು ನಮ್ಮ ಗಡಿಯಾಚೆಯ ಮಿರಜಿನಲ್ಲಿ ಇಂದಿಗೂ ಇದ್ದಾರೆ. ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರದು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಗಂಗೂಬಾಯಿ ಮತ್ತು ಭೀಮಸೇನರು ಸವಾಯಿ ಗಂಧರ್ವರ ಶಿಷ್ಯರು.

ಲೆಕ್ಕ ಸುಲಭವಾಗಲೆಂದು ಮಂದ್ರ ಷಡ್ಜದ ತಂತಿ, ಅಂದರೆ ಖರಜ, ಸೆಕೆಂಡಿಗೆ 100 ಸಲ ಕಂಪಿಸುತ್ತದೆ ಎನ್ನೋಣ. ಅದರ ಉಪಸ್ವರಗಳು 200, 300, 400, 500. ಇವುಗಳಲ್ಲಿ 200 ಮತ್ತು 400 ಷಡ್ಜ, 300 ಪಂಚಮ, 500 ಗಾಂಧಾರ. ಗಾಂಧಾರಕ್ಕೆ ಶ್ರುತಿ ಮಾಡಿದ ತಂತಿಯೇ ಇಲ್ಲದಿದ್ದರೂ ಖರಜವನ್ನು ಮೀಟಿದಾಗ ಗಾಂಧಾರ ತೇಲಿಬರುವುದು ಇದರಿಂದ. ಸ್ವಯಂಭೂ ಗಾಂಧಾರ ಎಂದು ಹಿರಿಯರು ಹೆಸರಿಟ್ಟಿದ್ದಾರೆ. ಪಂಚಮಕ್ಕೆ ಶ್ರುತಿ ಮಾಡಿದ ತಂತಿ ಸೆಕೆಂಡಿಗೆ 150 ಸಲ ಕಂಪಿಸುತ್ತದೆ. ಅದರ ಮೂರನೆಯ ಉಪಸ್ವರ 450, ಅದು ರಿಷಭ. ಐದನೆಯದು 750, ಅದು ನಿಷಾದ. ಎರಡೇ ಸ್ವರಕ್ಕೆ ಕೂಡಿಸಿದ ವಾದ್ಯದಿಂದ ಸ, ರಿ, ಗ, ಪ, ನಿ ಐದೂ ಹೊರಟವು.

ಇಷ್ಟು ಸೊಗಸಾದ ಸತ್ಯ ಕೈಯಲ್ಲಿರುವಾಗ ಇದೇ ತಂಬೂರಿಯ ಹೆಸರಿನಲ್ಲಿ ಹಬ್ಬುತ್ತಿರುವ ಸುಳ್ಳುಗಳು ನನ್ನನ್ನು ನೋಯಿಸುತ್ತವೆ. 432 ಹರ್ಟ್ಸ್ ಬ್ರಹ್ಮಾಂಡದ ಕಂಪನವಂತೆ, ಆ ಶ್ರುತಿಯ ತಂಬೂರಿ ಕೇಳಿದರೆ ಕಾಯಿಲೆ ವಾಸಿಯಂತೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ. ದಿನವನ್ನು 86,400 ಪಾಲು ಮಾಡಿ ಒಂದನ್ನು ಸೆಕೆಂಡ್ ಎಂದು ಕರೆದವರು ಮನುಷ್ಯರು. ಬೇರೆ ಪಾಲು ಮಾಡಿದ್ದರೆ ಅದೇ ನಾದಕ್ಕೆ ಬೇರೆ ಸಂಖ್ಯೆ ಬರುತ್ತಿತ್ತು. 432ನ್ನು ಯಾವುದಕ್ಕೆ ಎದುರಾಗಿ ಹಿಡಿಯುತ್ತಾರೋ ಆ 440 ಕೂಡ 1939ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಪಾಶ್ಚಾತ್ಯ ವಾದ್ಯಗಳ ಅನುಕೂಲಕ್ಕಾಗಿ ಒಪ್ಪಿಕೊಂಡ ಅಳತೆ. ನಮ್ಮ ಷಡ್ಜಕ್ಕಂತೂ ನಿಗದಿಯಾದ ಹರ್ಟ್ಸ್ ಯಾವತ್ತೂ ಇರಲಿಲ್ಲ. ಗಂಟಲಿನ ಚಿಕಿತ್ಸೆಯಾದ ಮೇಲೆ ಗಂಗೂಬಾಯಿಯವರ ದನಿ ಗಡಸಾಗಿ ಕೆಳಗಿಳಿಯಿತು, ಷಡ್ಜವೂ ಜೊತೆಗೇ ಇಳಿಯಿತು, ಸಂಗೀತಕ್ಕೆ ಯಾವ ಊನವೂ ಆಗಲಿಲ್ಲ. ಕಾಯಿಲೆಯವರು ತಂಬೂರಿ ಕೇಳಿ ನೆಮ್ಮದಿ ಪಡೆಯಲಿ, ಸಂತೋಷ. ಅದನ್ನು ನಂಬಿ ಮಾತ್ರೆ ಬಿಡುವಂತೆ ಮಾಡುವುದು ಮಾತ್ರ ಅಪಾಯ.

ಎಲ್ಲ ರಾಗಗಳೂ ತಂಬೂರಿಯಿಂದಲೇ ಹುಟ್ಟಿದವು ಎಂಬ ಮಾತನ್ನೂ ನಾನು ಒಪ್ಪಲಾರೆ. ಯಮನ್ ಹಾಡುವಾಗ ಗಾಯಕರ ಗಾಂಧಾರ ತಂಬೂರಿಯ ಗಾಂಧಾರದಲ್ಲಿ ಕರಗಿಹೋಗುತ್ತದೆ, ನಿಜ. ಆದರೆ ದರಬಾರಿ ಕಾನಡಾದ ಗಾಂಧಾರ ಕೋಮಲ. ಹಿಂದೆ ಖರಜದ ತಂತಿ ಶುದ್ಧ ಗಾಂಧಾರವನ್ನು ನುಡಿಯುತ್ತಲೇ ಇರುತ್ತದೆ, ಮುಂದೆ ಗಾಯಕರು ಅದಕ್ಕಿಂತ ತಗ್ಗಿನಲ್ಲಿ ತಮ್ಮ ಗಾಂಧಾರವನ್ನು ನಿಧಾನವಾಗಿ ತೂಗುತ್ತಿರುತ್ತಾರೆ. ಲೆಕ್ಕದ ಪ್ರಕಾರ ಇವೆರಡೂ ಜಗಳವಾಡಬೇಕು. ಕೇಳುವ ಕಿವಿಗೆ ಮಾತ್ರ ಒಂದು ರಾಗವಾಗಿಯೂ ಇನ್ನೊಂದು ಆಧಾರವಾಗಿಯೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ. ಆ ವಿಂಗಡಣೆ ನಡೆಯುವುದು ಕುದುರೆಯ ಮೇಲಲ್ಲ, ಕೇಳುವವರ ಮಿದುಳಿನಲ್ಲಿ.